ಎಲೆಯ ಮೇಲಿನ ದೇವಿ: ಒಂದು ತೌಲನಿಕ ಟಿಪ್ಪಣಿ

ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ನಿರೂಪಿತವಾದ ಗಂಜೀಫಾ ಆಟಗಳಲ್ಲೊಂದು ಚಾಮುಂಡೇಶ್ವರಿಯ ಹೆಸರಿನದು. ನಿರ್ಮಲದ ಗಂಜೀಫಾವನ್ನು ಬಲ್ಲ ಹೈದರಾಬಾದಿನ ಸಂಶೋಧಕರಿಗೆ ಇಂಥ ದುಂಡನೆಯ ಎಲೆಗಳು ಅಪರಿಚಿತವಲ್ಲ. ಅಮೆರಿಕದ ವಿಕಿ ನೋಬಲ್ ಮತ್ತು ಕರೆನ್ ವೋಗಲ್ 1981ರಲ್ಲಿ ಪ್ರಕಟಿಸಿದ ‘ಮದರ್‌ಪೀಸ್’ ಎಂಬ ಸ್ತ್ರೀವಾದಿ ಟ್ಯಾರೋದ ಶಕುನದ ಎಲೆಗಳೂ ದುಂಡನೆಯವು, ಅಲ್ಲಿಯೂ ದೇವಿಯರಿದ್ದಾರೆ. ಸಾಮ್ಯ ಇಲ್ಲಿಗೇ ನಿಲ್ಲುತ್ತದೆ. ಮದರ್‌ಪೀಸ್ ಯುರೋಪಿನ ಟ್ಯಾರೋದ ರಾಜ, ರಾಣಿ, ಯೋಧ, ಸೇವಕರ ಸ್ಥಾನದಲ್ಲಿ ಷಾಮನ್, ಪೂಜಾರಿಣಿ, ಮಗ, ಮಗಳನ್ನು ತಂದು ಆಸ್ಥಾನದ ಶ್ರೇಣಿಯನ್ನೇ ಪ್ರಶ್ನಿಸಿತು. ಮೈಸೂರಿನಲ್ಲಾದರೋ ದೇವಿ ಬಂದದ್ದು ಅರಸುಮನೆತನದ ಕುಲದೇವತೆಯಾಗಿ. ಗಂಜೀಫಾದ ಆಸ್ಥಾನ ಶ್ರೇಣಿ ಉಳಿದೇ ಇತ್ತು. ಆದ್ದರಿಂದ ದೇವಿಯ ಚಿತ್ರವಿದ್ದ ಮಾತ್ರಕ್ಕೆ ಅದನ್ನು ಸ್ತ್ರೀವಾದದ ಪೂರ್ವಪರಂಪರೆಯೆಂದು ಸಾರುವುದು ಅವಸರದ ತೀರ್ಮಾನ. ಎಲೆಯ ಮೇಲೆ ಯಾರಿದ್ದಾರೆ ಎಂಬುದಕ್ಕಿಂತ, ಯಾವ ಎಲೆ ಯಾವುದನ್ನು ಗೆಲ್ಲುತ್ತದೆ ಎಂಬುದನ್ನು ವಿಮರ್ಶೆ ಮೊದಲು ಕೇಳಬೇಕು.