ಲೈನಿಗೊಂದು ಸಾಲು

ಐಬಿಎಂ ಮೇನ್‌ಫ್ರೇಮಿನ ಜಾಲದಲ್ಲಿ ಬರೆದಿಡದ ಯಂತ್ರಕ್ಕೆ ಬಾಯಿಲ್ಲ. 1974ರಲ್ಲಿ ಆ ಕಂಪನಿ ಪ್ರಕಟಿಸಿದ ಎಸ್‌ಎನ್‌ಎ ಎಂಬ ಜಾಲ ವ್ಯವಸ್ಥೆಯ ಮೂಲ ಕಟ್ಟಳೆ ಇದು. ನೂರಾರು ಮೈಲಿ ದೂರದ ಬ್ಯಾಂಕ್ ಶಾಖೆಯ ಟರ್ಮಿನಲ್ಲೊಂದು ಹೋಸ್ಟ್ ಕಂಪ್ಯೂಟರಿನ ಜೊತೆ ಮಾತಾಡಬೇಕಾದರೆ, ಅದು ಯಾವ ಲೈನಿನ ತುದಿಯಲ್ಲಿದೆ, ಆ ಲೈನಿನ ವೇಗವೆಷ್ಟು, ಯಾವ ಕಂಟ್ರೋಲರಿಗೆ ಸೇರಿದ್ದು, ಆ ಕಂಟ್ರೋಲರ್ ಒಂದು ಸಲಕ್ಕೆ ಎಷ್ಟು ಬೈಟು ತೆಗೆದುಕೊಳ್ಳಬಲ್ಲದು ಎಂಬುದನ್ನೆಲ್ಲ ಯಾರೋ ಮೊದಲೇ ಕೂತು ಬರೆದಿರಬೇಕು. ಆ ಒಕ್ಕಣೆಯನ್ನು ಎರಡು ತಂತ್ರಾಂಶಗಳು ಓದುತ್ತವೆ. ಒಂದು, ಹೋಸ್ಟಿನೊಳಗಿನ ವಿಟ್ಯಾಮ್. ಇನ್ನೊಂದು, ಲೈನುಗಳನ್ನು ನೇರವಾಗಿ ಹಿಡಿದುಕೊಂಡ 3705, 3725, 3745 ಎಂಬ ಪೆಟ್ಟಿಗೆಗಳಲ್ಲಿ ಓಡುವ ಎನ್‌ಸಿಪಿ. ಇಂಟರ್‌ನೆಟ್ ಗೆದ್ದ ಮೇಲೆ ಈ ಪದ್ಧತಿಗೆ ಜಡ, ಬಿಗಿ, ಕಚೇರಿಶಾಹಿ ಎಂಬ ಹೆಸರು ಅಂಟಿಕೊಂಡಿತು. ಆ ಮಾತಿನಲ್ಲಿ ಅರ್ಧ ನಿಜವಿದೆ. ಬರೆದಿಡಬೇಕೆಂಬ ನಿಯಮವನ್ನೂ ಬರೆದದ್ದನ್ನು ಯಂತ್ರಕ್ಕೆ ಇಳಿಸುತ್ತಿದ್ದ ವಿಧಾನವನ್ನೂ ಬೇರೆಬೇರೆ ಮಾಡಿ ತೂಗಬೇಕು ಎಂಬುದು ನನ್ನ ವಾದ. ಮೊದಲನೆಯದು ಜಾಲಗಳನ್ನು ಕಟ್ಟಿದವರು ರೂಢಿಸಿಕೊಂಡ ಅತ್ಯುತ್ತಮ ಅಭ್ಯಾಸಗಳಲ್ಲಿ ಒಂದು. ಜನ ಬೈದದ್ದು, ಸರಿಯಾಗಿಯೇ ಬೈದದ್ದು, ಎರಡನೆಯದನ್ನು.

ಒಕ್ಕಣೆಯನ್ನೇ ಹತ್ತಿರದಿಂದ ನೋಡೋಣ. ಅದು ಅಸೆಂಬ್ಲರ್ ಮ್ಯಾಕ್ರೋಗಳ ಸಾಲು. 72ನೇ ಕಾಲಮ್ಮಿನಲ್ಲಿ ಒಂದು ಗುರುತು ಬಿದ್ದರೆ ಮುಂದಿನ ಸಾಲು 16ನೇ ಕಾಲಮ್ಮಿನಿಂದ ಮುಂದುವರಿಯುತ್ತದೆ. ಮೇಲೆ ಗ್ರೂಪ್, ಅದರ ಕೆಳಗೆ ಲೈನ್, ಲೈನಿನ ಕೆಳಗೆ ಪಿಯು, ಎಂದರೆ ದೂರದ ಕಂಟ್ರೋಲರ್, ಅದರ ಕೆಳಗೆ ಒಂದೊಂದು ಟರ್ಮಿನಲ್ಲಿಗೆ ಒಂದೊಂದು ಎಲ್‌ಯು. ಪ್ರತಿಯೊಂದಕ್ಕೂ ಎಂಟು ಅಕ್ಷರ ಮೀರದ ಹೆಸರು. 3274 ಕಂಟ್ರೋಲರ್ ಒಂದರ ಪಿಯು ಸಾಲಿನಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು ಮೌಲ್ಯ: ವಿಳಾಸ ಸಿ1, ಮ್ಯಾಕ್ಸ್‌ಡೇಟಾ 265, ಮ್ಯಾಕ್ಸ್‌ಔಟ್ 7. ಈ 265 ಯಾರೋ ಅಂದಾಜಿಗೆ ಹಾಕಿದ ಅಂಕಿಯಲ್ಲ. 256 ಬೈಟು ಮಾಹಿತಿ, ದಾರಿ ತೋರಿಸುವ ತಲೆಬರಹಕ್ಕೆ 6, ಕೋರಿಕೆಯ ತಲೆಬರಹಕ್ಕೆ 3. ಅದಕ್ಕಿಂತ ದೊಡ್ಡ ಸಂದೇಶ ಬಂದರೆ ಎನ್‌ಸಿಪಿ ಅದನ್ನು ಈ ಅಳತೆಗೆ ತುಂಡರಿಸಿ ಕಳಿಸುತ್ತದೆ. ಟರ್ಮಿನಲ್ಲಿನ ಪರದೆ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1920. ಪರದೆ ಪೂರ್ತಿ ತುಂಬಿದ್ದರೆ ಕಡಿಮೆಯೆಂದರೂ 8 ತುಂಡಾಗುತ್ತದೆ. ಆದರೆ ಸ್ವೀಕೃತಿ ಬಾರದೆ ಕಳಿಸಬಹುದಾದ್ದು 7 ಮಾತ್ರ. ಎಂಟನೆಯದು ಕಾಯಲೇಬೇಕು. 9600 ಬಿಟ್ ವೇಗದ ಲೈನಿನಲ್ಲಿ ಅಕ್ಷರಗಳ ಸಾಗಾಟಕ್ಕೇ ಒಂದೂವರೆ ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಈ ಕಾಯುವಿಕೆ ಅದರ ಮೇಲಿನದು. ಕೌಂಟರಿನ ಮುಂದೆ ಗ್ರಾಹಕ ನಿಂತಿರುವಾಗ ಪರದೆಯ ಕೊನೆಯ ಸಾಲು ಯಾಕೆ ತಡವಾಗಿ ಬಂತು ಎಂಬ ಪ್ರಶ್ನೆಗೆ ಉತ್ತರ ಆ ಮೂರು ಅಂಕಿಗಳಲ್ಲೇ ಇದೆ, ಓದಬಲ್ಲವರಿಗೆ. ಇಂಥ ಬರಹವನ್ನು ಬರೀ ಸೆಟ್ಟಿಂಗು ಎಂದು ಕರೆದರೆ ಅದಕ್ಕೆ ಅನ್ಯಾಯ. ಅದು ಲೈನಿನ ಮೇಲೆ ನಡೆಯುವ ವ್ಯವಹಾರದ ಲೆಕ್ಕಪತ್ರ.

ಲೆಕ್ಕಕ್ಕಿಂತ ಮುಂದಿನ ಹೆಜ್ಜೆಯೂ ಅದರಲ್ಲಿದೆ. ಬಾಡಿಗೆಯ ಒಂದೇ ಲೈನಿಗೆ ಮೂರು ನಾಲ್ಕು ಊರುಗಳ ಕಂಟ್ರೋಲರುಗಳನ್ನು ತಗುಲಿಸುವುದು ವಾಡಿಕೆಯಾಗಿತ್ತು. ಯಾರೂ ತಾವಾಗಿ ಮಾತು ಶುರುಮಾಡುವಂತಿಲ್ಲ. ಎನ್‌ಸಿಪಿ ಸರದಿಯ ಮೇಲೆ ಒಬ್ಬೊಬ್ಬರನ್ನೇ ಕೇಳುತ್ತದೆ. ಆ ಸರದಿಯ ಪಟ್ಟಿಯನ್ನು ಸರ್ವೀಸ್ ಎಂಬ ಮ್ಯಾಕ್ರೋದಲ್ಲಿ ಬರೆಯಬೇಕು, ಮತ್ತು ಒಂದು ಹೆಸರನ್ನು ಎರಡು ಸಲ ಬರೆದರೆ ಆ ಶಾಖೆಗೆ ಎರಡು ಸರದಿ. ಉತ್ತರ ಬಾರದಿದ್ದರೆ ಎಷ್ಟು ಸಲ ಮತ್ತೆ ಕೇಳಬೇಕು, ನಡುವೆ ಎಷ್ಟು ಸೆಕೆಂಡು ಬಿಡಬೇಕು, ಎಷ್ಟು ಸುತ್ತಿನ ಮೇಲೆ ಕೈಬಿಡಬೇಕು ಎಂಬುದೂ ರಿಟ್ರೈಸ್ ಎಂಬ ಮೂರು ಅಂಕಿಗಳಲ್ಲಿ ಇರುತ್ತದೆ. ಯಾವ ಊರಿಗೆ ಹೆಚ್ಚು ಸರದಿ, ಕೆಟ್ಟ ಲೈನಿನ ಬಗ್ಗೆ ಎಷ್ಟು ತಾಳ್ಮೆ ಎಂಬ ತೀರ್ಮಾನಗಳು ಇವು. ಎಲ್ಲ ಜಾಲಗಳಲ್ಲೂ ಇಂಥ ತೀರ್ಮಾನ ಯಾರೋ ಮಾಡಿಯೇ ಇರುತ್ತಾರೆ. ಬಹಳ ಕಡೆ ಅದು ಉಪಕರಣ ತಯಾರಕನ ಕೋಡಿನೊಳಗೆ ಹೂತುಹೋಗಿರುತ್ತದೆ. ಇಲ್ಲಿ ಅದು ಬೆಳಕಿಗೆ ಬಂದು ಹೆಸರು ಹಿಡಿದು ನಿಂತಿದೆ. ತಪ್ಪೆನಿಸಿದವರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಬಹುದು. ಈ ಗುಣವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಒಕ್ಕಣೆಗೆ ಕಾಣದ ಜಾಗವೂ ಇದೆ. ಬರೆಯುವವನ ಕೈಯಲ್ಲಿರುವುದು ಲೈನಿನ ಒಂದು ತುದಿ ಮಾತ್ರ. ಎನ್‌ಆರ್‌ಝಡ್‌ಐ ಎಂಬ ಆಯ್ಕೆಯನ್ನು ತೆಗೆದುಕೊಳ್ಳಿ. ಬಿಟ್ಟುಗಳನ್ನು ತಂತಿಯ ಮೇಲೆ ಕೂರಿಸುವ ಕ್ರಮ ಅದು: 0 ಬಂದರೆ ಸಂಕೇತದ ಮಟ್ಟ ಬದಲಾಗಬೇಕು, 1 ಬಂದರೆ ಇದ್ದ ಹಾಗೇ ಇರಬೇಕು. ಹೋಸ್ಟಿನ ಕಡೆ ಇದಕ್ಕೆ ಯೆಸ್ ಎಂದು ಬರೆದು, ದೂರದ ಕಂಟ್ರೋಲರನ್ನು ಅಲ್ಲಿನವರು ನೋ ಎಂದು ಹೊಂದಿಸಿದ್ದರೆ, ಎತ್ತು ಏರಿಗೆ ಕೋಣ ನೀರಿಗೆ. ಮೋಡೆಮಿನ ದೀಪಗಳು ಉರಿಯುತ್ತವೆ. ಲೈನ್ ಸಕ್ರಿಯ ಎಂದೇ ವಿಟ್ಯಾಮ್ ತೋರಿಸುತ್ತದೆ. ಪಿಯು ಮಾತ್ರ ಪಿಸಿಟಿಡಿ2 ಎಂಬ ಸ್ಥಿತಿಯಲ್ಲಿ ನಿಂತುಬಿಡುತ್ತದೆ: ಕರೆದದ್ದಾಯಿತು, ಆ ಕಡೆಯಿಂದ ಉತ್ತರವಿಲ್ಲ. ಆ ಸ್ಥಿತಿಯ ಹಿಂದೆ ವಿಳಾಸದ ತಪ್ಪಿರಬಹುದು, ಸ್ವಿಚ್ ಹಾಕದ ಕಂಟ್ರೋಲರ್ ಇರಬಹುದು, ಈ ಎನ್‌ಆರ್‌ಝಡ್‌ಐ ಜಗಳ ಇರಬಹುದು. ಬರಹ ತನ್ನ ಮಟ್ಟಿಗೆ ಸರಿಯಾಗಿಯೇ ಇದೆ, ಜಾಲ ಮೂಕವಾಗಿದೆ. ಬರೆದಿಟ್ಟದ್ದೇ ಸತ್ಯ ಎಂದು ನಂಬಿದ ಕಚೇರಿಗಳು ಎಡವುವುದು ಇಂಥಲ್ಲೇ. ಪಹಣಿಯಲ್ಲಿ ಬೆಳೆ ರಾಗಿ ಎಂದಿದ್ದರೆ ಹೊಲದಲ್ಲೂ ರಾಗಿಯೇ ಇರಬೇಕೆಂದಿಲ್ಲ, ಹೋಗಿ ನೋಡಬೇಕು.

ಈಗ ನಿಜವಾದ ದೋಷಕ್ಕೆ ಬರೋಣ. ಬರೆದ ಮ್ಯಾಕ್ರೋಗಳನ್ನು ಅಸೆಂಬಲ್ ಮಾಡಿ, ಲಿಂಕ್ ಮಾಡಿ, ಹೊಸದೊಂದು ಎನ್‌ಸಿಪಿಯನ್ನೇ ಹುಟ್ಟಿಸಬೇಕಿತ್ತು. ಕಸುಬಿನವರ ಬಾಯಲ್ಲಿ ಇದಕ್ಕೆ 'ಜೆನ್' ಎಂದು ಹೆಸರು. ಆಮೇಲೆ ಅದನ್ನು ಪೆಟ್ಟಿಗೆಗೆ ತುಂಬಬೇಕು. ತುಂಬುವಷ್ಟು ಹೊತ್ತು ಆ ಪೆಟ್ಟಿಗೆಯ ಲೈನುಗಳೆಲ್ಲ ಸತ್ತಂತೆ. 1972ರಲ್ಲಿ ಬಂದ 3705 ಗರಿಷ್ಠ 352 ಲೈನುಗಳನ್ನು ಹಿಡಿಯಬಲ್ಲದಾಗಿತ್ತು. ಒಂದು ಶಾಖೆಗೆ ಒಂದು ಟರ್ಮಿನಲ್ ಸೇರಿಸಲು ಉಳಿದೆಲ್ಲ ಊರುಗಳನ್ನು ಕೆಳಗಿಳಿಸಬೇಕು ಎಂದರೆ, ಆ ಕೆಲಸ ಭಾನುವಾರದ ನಡುರಾತ್ರಿಗೆ ಹೋಗುವುದು ಸಹಜ. ಇದರ ಮೇಲೆ ಇನ್ನೊಂದು ಗಂಟು: ಪ್ರತಿ ಯಂತ್ರದ ಜಾಲ ವಿಳಾಸ ಅದನ್ನು ಬರೆದ ಕ್ರಮದಿಂದಲೇ ಹುಟ್ಟುತ್ತಿತ್ತು. ನಡುವೆ ಒಂದು ಸಾಲು ತೂರಿಸಿದರೆ ಅದರ ಕೆಳಗಿನವರ ಅಂಕಿಗಳೆಲ್ಲ ಜರುಗುತ್ತವೆ. ಹೆಸರನ್ನೂ ವಿಳಾಸವನ್ನೂ ಜೋಡಿಸುವ ಕೋಷ್ಟಕವನ್ನು ಜೆನ್ ಬೇರೆಯಾಗಿ ತಯಾರಿಸುತ್ತಿತ್ತು, ಎನ್‌ಸಿಪಿಯ ಹೆಸರಿನ ಕೊನೆಗೆ ಆರ್ ಅಕ್ಷರ ಸೇರಿಸಿ. ಆ ಒಂದು ಅಕ್ಷರಕ್ಕೆ ಜಾಗ ಬಿಡಲೆಂದೇ ಎನ್‌ಸಿಪಿಗೆ ಏಳಕ್ಷರ ಮೀರಿದ ಹೆಸರಿಡುವಂತಿರಲಿಲ್ಲ. ಪೆಟ್ಟಿಗೆಯಲ್ಲಿರುವುದು ಹಳೆಯ ಜೆನ್, ವಿಟ್ಯಾಮ್ ಓದುವ ಕಡತದಲ್ಲಿರುವುದು ಹೊಸ ಒಕ್ಕಣೆ ಎಂದಾದರೆ ಇಬ್ಬರೂ ಬೇರೆಬೇರೆ ಜಾಲದ ಬಗ್ಗೆ ಮಾತಾಡುತ್ತಿರುತ್ತಾರೆ. ಮೊದಲ ವರ್ಷಗಳಲ್ಲಿ 16 ಬಿಟ್ಟಿನ ವಿಳಾಸವನ್ನು ಪ್ರದೇಶಕ್ಕೆಷ್ಟು ಯಂತ್ರಕ್ಕೆಷ್ಟು ಎಂದು ಹಂಚುವ ಮ್ಯಾಕ್ಸ್‌ಸುಬಾ ಎಂಬ ಅಂಕಿ ಜಾಲದ ಎಲ್ಲ ಕಡೆಯೂ ಒಂದೇ ಇರಬೇಕಿತ್ತು. ಅದನ್ನು ಬದಲಿಸುವುದೆಂದರೆ ಎಲ್ಲ ಪೆಟ್ಟಿಗೆಗಳಿಗೂ ಹೊಸ ಜೆನ್. ಇದ್ಯಾವುದೂ ಬರೆದಿಡುವ ಅಭ್ಯಾಸಕ್ಕೆ ಅಗತ್ಯವಿರಲಿಲ್ಲ. ವಿವರಣೆಯನ್ನು ಪ್ರೋಗ್ರಾಮಿನೊಳಗೆ ಅಚ್ಚುಹಾಕಿದ್ದರ ಫಲ ಇದು. 16 ಕಿಲೋಬೈಟ್ ಸ್ಮರಣೆಯಿಂದ ಶುರುವಾಗುತ್ತಿದ್ದ ಪೆಟ್ಟಿಗೆಯಲ್ಲಿ ಪಟ್ಟಿಯನ್ನು ಓಡುವಾಗ ಓದಿಕೊಳ್ಳುವ ಐಷಾರಾಮಕ್ಕೆ ಜಾಗವಿರಲಿಲ್ಲ ಎಂಬುದನ್ನು ಒಪ್ಪಬೇಕು. ಸ್ಮರಣೆ ಅಗ್ಗವಾದ ಮೇಲೂ ಅದೇ ಅಚ್ಚಿಗೆ ಜೋತುಬಿದ್ದದ್ದನ್ನು ಒಪ್ಪಲಾಗದು.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು. ಬರೆದಿಡುವುದು ಅಷ್ಟು ಒಳ್ಳೆಯದಾಗಿದ್ದರೆ ಟಿಸಿಪಿ ಐಪಿ ಯಾಕೆ ಗೆದ್ದಿತು? ಐಬಿಎಂ ತಾನೇ ಯಾಕೆ ಸಡಿಲಿಸುತ್ತಾ ಬಂತು? 1986ರಲ್ಲಿ ಸಿಸ್ಟಮ್ 36ರ ಮೇಲೆ ಬಂದ ಎಪಿಪಿಎನ್‌ನಲ್ಲಿ ಯಂತ್ರಗಳು ಒಂದನ್ನೊಂದು ತಾವೇ ಹುಡುಕಿಕೊಳ್ಳುತ್ತಿದ್ದವು. ಓಡುತ್ತಿರುವ ಎನ್‌ಸಿಪಿಗೇ ಪಿಯು, ಎಲ್‌ಯು ಸೇರಿಸುವ ಸೌಲಭ್ಯವೂ ಬಂತು. ಅದಕ್ಕೆ ಸಹ ಇಂತಿಷ್ಟು ಖಾಲಿ ಜಾಗ ಎಂದು ಜೆನ್‌ನಲ್ಲಿ ಮೊದಲೇ ಕಾದಿರಿಸಬೇಕಿತ್ತು. ಈ ಸಡಿಲಿಕೆಗಳೆಲ್ಲ ಇಳಿಸುವ ವಿಧಾನದ ಸೋಲನ್ನು ಒಪ್ಪಿಕೊಂಡವು ಎಂದೇ ನಾನು ಓದುತ್ತೇನೆ. ಐಪಿ ಗೆದ್ದದ್ದು ದಾರಿಯನ್ನು ಒಂದು ಹೋಸ್ಟಿನ ಹಿಡಿತದಿಂದ ಬಿಡಿಸಿದ್ದಕ್ಕೆ, ಒಂದು ಮೂಲೆಯ ಬದಲಾವಣೆ ಇನ್ನೊಂದು ಮೂಲೆಯನ್ನು ಕೆಡವದಂತೆ ನೋಡಿಕೊಂಡಿದ್ದಕ್ಕೆ. 1993ರಲ್ಲಿ ಡಿಎಚ್‌ಸಿಪಿ ಬಂದು ಯಂತ್ರಗಳಿಗೆ ವಿಳಾಸ ಹಂಚತೊಡಗಿದಾಗ ಸುಖವಾಯಿತು, ನಿಜ. ಅದರ ಬೆಲೆಯೂ ಬಂತು. ತನ್ನ ಜಾಲದಲ್ಲಿ ಏನೇನಿದೆ ಎಂದು ತಿಳಿಯಲು ಜಾಲವನ್ನೇ ತಡಕಾಡುವ ತಂತ್ರಾಂಶವನ್ನು ಸಂಸ್ಥೆಗಳು ಕೊಳ್ಳಬೇಕಾಗಿದೆ. ಎಸ್‌ಎನ್‌ಎಯಲ್ಲಿ ಆ ಪ್ರಶ್ನೆಗೆ ಕಡತ ತೆರೆದರೆ ಸಾಕಿತ್ತು.

ಬರೆದಿಟ್ಟ ಜಾಲ ಸುರಕ್ಷಿತ ಎಂದು ಅದರ ಅಭಿಮಾನಿಗಳು ಹೇಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಡಯಲ್ ಮಾಡಿ ಬರುವ ಕಂಟ್ರೋಲರನ್ನು ವಿಟ್ಯಾಮ್ ಗುರುತಿಸುವುದು ಐಡಿಬ್ಲಾಕ್, ಐಡಿನಮ್ ಎಂಬ ಎರಡು ಅಂಕಿಗಳಿಂದ, ಮೂರು ಮತ್ತು ಐದು ಹೆಕ್ಸ್ ಸ್ಥಾನ. ಅದು ಹೆಸರು ಹೇಳಿಕೊಂಡಂತೆ. ಆ ಹೆಸರು ಗೊತ್ತಿದ್ದ ಯಾರು ಬೇಕಾದರೂ ಹೇಳಿಕೊಳ್ಳಬಹುದು.

ಇನ್ನೊಂದು ಆಕ್ಷೇಪ ನನಗೆ ಹೆಚ್ಚು ನಾಟುತ್ತದೆ: ಈ ಒಕ್ಕಣೆಯನ್ನು ಓದಬಲ್ಲವರು ಕಚೇರಿಗೆ ಒಬ್ಬರೋ ಇಬ್ಬರೋ, ಹಳೆಯ ಶಾನುಭೋಗರ ಕಡತದ ಹಾಗೆ. ಇದಕ್ಕೆ ಕಾರಣ ಒಕ್ಕಣೆಯ ರಚನೆಯಲ್ಲೇ ಇದೆ. ಗ್ರೂಪಿನ ಮಟ್ಟದಲ್ಲಿ ಬರೆದ ಮೌಲ್ಯ ಕೆಳಗಿನ ಲೈನು, ಪಿಯು, ಎಲ್‌ಯುಗಳಿಗೆಲ್ಲ ತಾನಾಗಿ ಇಳಿದು ಬರುತ್ತದೆ, ನಡುವೆ ಯಾರೂ ತಡೆಯದಿದ್ದರೆ. ಬರೆಯುವವನಿಗೆ ಶ್ರಮ ಉಳಿಯಿತು, ಓದುವವನಿಗೆ ಹೆಚ್ಚಿತು: ಒಂದು ಟರ್ಮಿನಲ್ಲಿನ ಸಾಲು ನೋಡಿ ಅದರ ಸ್ವಭಾವ ತಿಳಿಯುವುದಿಲ್ಲ, ಪುಟಗಟ್ಟಲೆ ಮೇಲೆ ಹತ್ತಬೇಕು. ಎಂಟಕ್ಷರದೊಳಗೆ ಊರು, ಲೈನು, ಯಂತ್ರದ ಗುರುತು ಮೂರನ್ನೂ ತುರುಕಿದ ಹೆಸರುಗಳು ಆ ಕಷ್ಟವನ್ನು ಕಡಿಮೆ ಮಾಡಲಿಲ್ಲ. ಭಾರತಕ್ಕೆ ಈ ಮಾತು ಬೇರೆ ರೀತಿಯಲ್ಲಿ ತಟ್ಟುತ್ತದೆ. ಎಸ್‌ಎನ್‌ಎ ಬಂದ ನಾಲ್ಕೇ ವರ್ಷಕ್ಕೆ, 1978ರಲ್ಲಿ, ಐಬಿಎಂ ಇಲ್ಲಿಂದ ಹೊರಟಿತ್ತು. ಮುಂದೆ ಬೆಂಗಳೂರಿನ ಕಚೇರಿಗಳಲ್ಲಿ ಕೂತು ವಿದೇಶಿ ಬ್ಯಾಂಕುಗಳ ಮೇನ್‌ಫ್ರೇಮ್ ನೋಡಿಕೊಳ್ಳತೊಡಗಿದವರ ಕೈಗೆ ಸಿಕ್ಕಿದ್ದು ಬೇರೆಯವರು, ಬೇರೆ ಖಂಡದಲ್ಲಿ, ದಶಕಗಳ ಹಿಂದೆ ಬರೆದ ಒಕ್ಕಣೆ. ಬರೆದವರು ನಿವೃತ್ತರು. ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಟಿಪ್ಪಣಿಯ ಸಾಲುಗಳಲ್ಲಿ ಅವರು ಕಾರಣವನ್ನೂ ಬರೆದಿಟ್ಟಿದ್ದರೆ ಓದುವವರ ಅದೃಷ್ಟ. ಓದಲು ಕಷ್ಟವಾದರೂ ಓದಲು ಏನೋ ಇದೆ ಎಂಬುದು ಅಲ್ಲಿ ಸಣ್ಣ ಮಾತಲ್ಲ.

ವಿಟ್ಯಾಮಿಗೆ ಒಂದು ಯಂತ್ರದ ಹೆಸರು ಹೇಳಿ ಸ್ಥಿತಿ ಕೇಳಿದರೆ ಬರುವ ಉತ್ತರದಲ್ಲಿ ಐಎಸ್‌ಟಿ486ಐ ಎಂಬ ಸಾಲೊಂದಿದೆ. ಅದರಲ್ಲಿ ಎರಡು ಪದ ಅಕ್ಕಪಕ್ಕ: ಈಗಿನ ಸ್ಥಿತಿ, ಬಯಸಿದ ಸ್ಥಿತಿ. 2014ರಲ್ಲಿ ಹೊರಬಂದ ಕುಬರ್ನೆಟೀಸ್ ಇದೇ ಜೋಡಿಯ ಮೇಲೆ ನಿಂತಿದೆ. ಬೇಕಾದ್ದನ್ನು ಕಡತದಲ್ಲಿ ಬರೆ, ಇರುವುದನ್ನು ಅದಕ್ಕೆ ಹೊಂದಿಸುತ್ತೇನೆ ಎನ್ನುತ್ತದೆ. ಪೆಟ್ಟಿಗೆಗಳು ಮೂಲೆ ಸೇರಿದ ಮೇಲೆ, 2005ರಲ್ಲಿ, ಐಬಿಎಂ ಎನ್‌ಸಿಪಿಯನ್ನು ಮೇನ್‌ಫ್ರೇಮಿನ ಲಿನಕ್ಸಿನೊಳಗೇ ಓಡಿಸುವ ತಂತ್ರಾಂಶ ಹೊರತಂದಿತು. 3745 ಇಲ್ಲದೆಯೂ ಹಳೆಯ ಜೆನ್‌ನ ಮ್ಯಾಕ್ರೋಗಳು, ಎಂಟಕ್ಷರದ ಹೆಸರುಗಳ ಸಮೇತ, ಕೆಲಸಕ್ಕೆ ಬರುವಂತಾಯಿತು.