‘ಅಪಮಿಶ್ರಣ’ ಎಂಬ ಪದವೂ ಬೆಳಕನ್ನರಿಯುವ ಪೊರೆಯೂ

‘ಅಪಮಿಶ್ರಣ’ವೆಂಬುದು ಹಿಂದಿಯ ಭೌತವಿಜ್ಞಾನ ಪಠ್ಯಗಳಲ್ಲಿ ಇಂಗ್ಲಿಷಿನ ಡೋಪಿಂಗ್ ಎಂಬುದಕ್ಕೆ ಬಳಕೆಯಾಗುವ ಪದಗಳಲ್ಲೊಂದು. ಆಹಾರ ಕಲಬೆರಕೆಯನ್ನು ತಡೆಯಲು ಬಂದ 1954ರ ಶಾಸನದ ಹಿಂದಿ ಹೆಸರಿನಲ್ಲಿಯೂ ಇದೇ ಪದವಿದ್ದಿತು. 2006ರ ಆಹಾರ ಸುರಕ್ಷತಾ ಕಾಯಿದೆ 2011ರಲ್ಲಿ ಜಾರಿಗೆ ಬಂದು ಹಳೆಯ ಶಾಸನ ತೆರವಾಯಿತು. ಪದ ಮಾತ್ರ ಉಳಿದುಕೊಂಡಿತು. ನಾಗಪುರದ ಇತವಾರಿಯಂತಹ ಧಾನ್ಯ, ಕಿರಾಣಿಗಳ ಪೇಟೆಯಲ್ಲಿ ಗಿರಾಕಿಯು ಹಿಂದಿಯಲ್ಲಿ ‘ಮಿಲಾವಟ್’ ಎಂದೂ ಮರಾಠಿಯಲ್ಲಿ ‘ಭೇಸಳ’ ಎಂದೂ ಯಾವುದಕ್ಕೆ ಅಂಜುತ್ತಾನೆಯೋ, ಕರಿಮೆಣಸಿನಲ್ಲಿ ಪರಂಗಿ ಬೀಜದ ಆ ಬಗೆಯನ್ನೇ ಶಾಸನವು ದಂಡಿಸುತ್ತಿದ್ದಿತು. ವಿಜ್ಞಾನದ ಒಂದು ಸೂಕ್ಷ್ಮ ಕ್ರಿಯೆಗೂ ಅದೇ ಹೆಸರು ಸಲ್ಲಬೇಕೆ ಎಂಬುದು ವಿಚಾರಾರ್ಹ.

ಪ್ರಯೋಗಶಾಲೆಯಲ್ಲಿ ನಡೆಯುವುದಾದರೂ ಏನು? ಸತುವಿನ ಆಕ್ಸೈಡಿನ ಪೊರೆಯನ್ನೇ ತೆಗೆದುಕೊಳ್ಳಬಹುದು. ಸತುವಿನ ಅಸಿಟೇಟಿನ ದ್ರಾವಣವನ್ನು ಸುಮಾರು 400 ಡಿಗ್ರಿ ಸೆಲ್ಸಿಯಸಿಗೆ ಕಾಯಿಸಿದ ಗಾಜಿನ ಮೇಲೆ ತುಂತುರಾಗಿ ಸಿಂಪಡಿಸಿದರೆ, ಮಿಲಿಮೀಟರಿನ ಸಾವಿರದ ಒಂದು ಪಾಲಿಗೂ ಕಡಮೆ ದಪ್ಪದ ಪಾರದರ್ಶಕ ಪೊರೆಯನ್ನು ಪಡೆಯಬಹುದು. (ಶಿಲಾಹಾರರ ಕನ್ನಡ ಶಾಸನಗಳುಳ್ಳ ಕೊಲ್ಲಾಪುರದಲ್ಲಿ, ಶಿವಾಜಿ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗವು ಈ ವಿಧಾನದಲ್ಲಿ ಬಹುಕಾಲ ದುಡಿದಿದೆ.) ಆ ಪೊರೆಯ ಮೇಲೆ ನೇರಿಳಾತೀತ ಕಿರಣ ಬಿದ್ದೊಡನೆ ಕಟ್ಟುಬಿದ್ದಿದ್ದ ಎಲೆಕ್ಟ್ರಾನುಗಳು ಬಿಡುಗಡೆಗೊಂಡು ವಿದ್ಯುತ್ತಿನ ಹರಿವು ಹೆಚ್ಚುತ್ತದೆ, ಆ ಹೆಚ್ಚಳವೇ ಬೆಳಕಿನ ಅಳತೆ. ದ್ರಾವಣಕ್ಕೆ ಅಲ್ಯುಮಿನಿಯಂ ಲವಣವನ್ನು ನೂರು ಪರಮಾಣುಗಳಿಗೆ ಒಂದೆರಡರಂತೆ ಸೇರಿಸಿದರೆ, ಎರಡು ಎಲೆಕ್ಟ್ರಾನು ಕೊಡುವ ಸತುವಿನ ಸ್ಥಾನದಲ್ಲಿ ಮೂರು ಕೊಡುವ ಅಲ್ಯುಮಿನಿಯಂ ಕುಳಿತು, ಒಂದೊಂದು ಎಲೆಕ್ಟ್ರಾನು ಹೆಚ್ಚಿಗೆ ಜಮೆಯಾಗುತ್ತದೆ. ಪ್ರಮಾಣ ಮೀರಿತೆಂದರೆ ಅಲ್ಯುಮಿನಿಯಂ ಹರಳುಗಳ ಅಂಚಿನಲ್ಲಿ ಒಟ್ಟಾಗಿ ಹರಿವಿಗೆ ಅಡ್ಡವಾಗುತ್ತದೆ. ಪ್ರಮಾಣ ಮೀರದಿದ್ದರೂ ಇನ್ನೊಂದು ತೊಡಕುಂಟು: ಕತ್ತಲೆಯಲ್ಲಿಯೇ ವಿದ್ಯುತ್ತು ಧಾರಾಳವಾಗಿ ಹರಿಯುವ ಪೊರೆಗೆ ಬೆಳಕು ಬಂದುದರ ಅರಿವು ಮಂದವಾಗುತ್ತದೆ. ಆದುದರಿಂದ ಎಷ್ಟು ಬೆರೆಸಬೇಕೆಂಬುದು ಪೊರೆಯ ಉಪಯೋಗವನ್ನು ಅನುಸರಿಸುತ್ತದೆ. ಪರದೆಯ ಪಾರದರ್ಶಕ ವಾಹಕಕ್ಕೆ ಒಪ್ಪುವ ಅಳತೆ ಬೆಳಕನ್ನರಿಯುವ ಉಪಕರಣಕ್ಕೆ ಒಪ್ಪದೆ ಹೋಗಬಹುದು.

ಇದಕ್ಕೆ ಹೋಲಿಕೆ ಬೇಕಾದರೆ ಇತವಾರಿಯ ಕಿರಾಣಿ ಸಾಲನ್ನು ಬಿಟ್ಟು ಸರಾಫ ಪೇಟೆಗೆ ಹೋಗಬೇಕು. 22 ಕ್ಯಾರಟಿನ ಒಡವೆಯಲ್ಲಿ ಸಾವಿರಕ್ಕೆ 916 ಪಾಲು ಚಿನ್ನ. ಮಿಕ್ಕ 84 ಪಾಲು ತಾಮ್ರ, ಬೆಳ್ಳಿ ಮೊದಲಾದುವು ಬಳೆ ಬಾಗದಿರಲೆಂದು ತೂಗಿ ಬೆರೆಸಿದವು, ಮುದ್ರೆಯೊತ್ತಿ ಸಾರಿದವು. ಅಕ್ಕಸಾಲಿಗನನ್ನು ಇದಕ್ಕಾಗಿ ಯಾರೂ ದೂರರು. ಮುದ್ರೆ 916 ಎಂದೇ ಇದ್ದು ಬೆರೆತ ಪಾಲು ನೂರಕ್ಕೇರಿದರೆ ಆಗ ಅದು ಮೋಸ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? 1961ರಲ್ಲಿ ಕೇಂದ್ರ ಸರಕಾರ ಪಾರಿಭಾಷಿಕ ಪದಗಳ ಆಯೋಗವನ್ನು ರಚಿಸಿದ ಮೇಲೆ ಹಿಂದಿಯ ಸಂಸ್ಕೃತಜನ್ಯ ಪದಗಳನ್ನು ಲಿಪಿ ಬದಲಿಸಿ ಎತ್ತಿಕೊಳ್ಳುವ ಸೌಕರ್ಯ ದೊರೆತಿದೆ. ಹಿಂದಿ-ಮರಾಠಿಗಳ ನಡುವೆ ಬಾಳುವ ಹೊರನಾಡ ಕನ್ನಡಿಗನಿಗಂತೂ ಈ ಸೆಳೆತ ಹೆಚ್ಚು. ಆದರೆ ‘ಅಪ’ ಎಂಬ ಉಪಸರ್ಗವು ಅಪಕೀರ್ತಿ, ಅಪಶಬ್ದಗಳ ಬಂಧು. ಪದ ಕಿವಿಗೆ ಬಿದ್ದಾಗಲೇ ವಿದ್ಯಾರ್ಥಿಯ ಮನಸ್ಸಿನಲ್ಲಿ ದೋಷದ ಭಾವನೆ ನೆಲೆಯೂರುತ್ತದೆ. ‘ಕಲ್ಮಶ’, ‘ಅಶುದ್ಧಿ’ಗಳಿಗೂ ಇದೇ ಆಕ್ಷೇಪಣೆ. ‘ಡೋಪಿಂಗ್’ ಎಂದೇ ಬರೆಯಬಹುದಲ್ಲ ಎಂದರೆ, ಪತ್ರಿಕೆ ಓದುವವನಿಗೆ ಅದು ಕ್ರೀಡಾಪಟುವಿನ ಉದ್ದೀಪನ ಮದ್ದು. ಮೂಲದಲ್ಲಿ ಆ ಪದ ಡಚ್ಚರ ಅಡುಗೆಮನೆಯ ಗೊಜ್ಜಿನಂಥ ಪದಾರ್ಥದ ಹೆಸರೆಂಬುದು ವಿನೋದದ ಸಂಗತಿ. ‘ಹೆಪ್ಪು’ ಆಕರ್ಷಕವಾದ ಪದ: ಒಂದು ಚಮಚ ಬಿದ್ದು ಪಾತ್ರೆಯ ಹಾಲಿನ ಗುಣವೇ ಬದಲಾಗುತ್ತದೆ. ಆದರೆ ಹೆಪ್ಪು ಹಾಲಿನಲ್ಲಿ ಬೆಳೆಯುತ್ತದೆ, ಅಲ್ಯುಮಿನಿಯಂ ಬೆಳೆಯುವುದಿಲ್ಲ. ಹೋಲಿಕೆ ಅಲ್ಲಿಗೇ ಮುರಿಯುತ್ತದೆ.

ಉಳಿಯುವುದು ‘ಬೆರಕೆ’. ಬೆರಕೆ ಸೊಪ್ಪಿನ ಸಾರನ್ನು ಉಣ್ಣುವವರು ಆ ಪದದಲ್ಲಿ ದೋಷವೆಣಿಸರು. ‘ಕಲಬೆರಕೆ’ ಎಂದಾಗಲೇ ಕಳಂಕ. ಮನುಷ್ಯನಿಗೆ ಅನ್ವಯಿಸಿದಾಗ ಬೆರಕೆ ಬೈಗುಳವಾಗುವುದೆಂಬುದೂ ನಿಜ. ಅಳತೆಯನ್ನು ಸೂಚಿಸುವ ‘ಹದ’ವನ್ನು ಮುಂದಿಟ್ಟು ‘ಹದಬೆರಕೆ’ ಎಂದರೆ ಆ ಕಸರು ಬಹುಮಟ್ಟಿಗೆ ನೀಗುತ್ತದೆ. ‘ಅಲ್ಯುಮಿನಿಯಂ ಹದಬೆರೆತ ಸತುವಿನ ಆಕ್ಸೈಡಿನ ತೆಳುಪೊರೆ’ ಎಂಬ ಮಾತು ಉದ್ದವಾದರೂ ಕನ್ನಡವಾಗಿ ನಿಲ್ಲುತ್ತದೆ. ‘ಪೊರೆ’ಗೂ ಆಕ್ಷೇಪಣೆ ಬರಬಹುದು, ಕಣ್ಣಿನ ಪೊರೆ ಬೆಳಕನ್ನು ಮುಚ್ಚುವಂಥದಾದುದರಿಂದ. ಈ ವೈಪರೀತ್ಯವನ್ನು ಓದುಗ ಸಹಿಸಿಯಾನು. ಕಷ್ಟವಿರುವುದು ಬೆರೆಯುವ ವಸ್ತುವಿನ ಹೆಸರಿನಲ್ಲಿ: ಅಲ್ಯುಮಿನಿಯಂ ಸತುವಿಗೆ ಏನಾಗಬೇಕು? ‘ಹದಬೆರಕ’ವೆಂದರೆ ಕಿವಿಗೆ ಒರಟು, ‘ಬೆರಸು’ ಎಂಬ ನಾಮಪದ ಸದ್ಯಕ್ಕೆ ಮೇಲೆನಿಸುತ್ತದೆ.