ಪುಸ್ತಕ ಅರ್ಧಕ್ಕೇ ನಿಲ್ಲಿಸಿದ ಮಾತು

ಕಥೆ, ಕಾದಂಬರಿಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಾವು, ಮನೆಯ ಮಕ್ಕಳು ದಿನವೂ ಹೊತ್ತು ತಿರುಗುವ ಪಠ್ಯಪುಸ್ತಕವನ್ನು ಬಿಡಿಸಿ ನೋಡುವುದು ಕಡಿಮೆ. ಈಚೆಗೆ ನಾನು ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದ ಸಂತಾನೋತ್ಪತ್ತಿಯ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ.

ಪಾಠ ಅಮೀಬಾ, ಹೈಡ್ರಾ, ಸ್ಪೈರೋಗೈರಾ, ಹೂವಿನ ಪರಾಗ ಎಂದೆಲ್ಲ ಊರು ಸುತ್ತಿ ಕೊನೆಗೆ ಮನುಷ್ಯರ ಮನೆಬಾಗಿಲಿಗೆ ಬರುತ್ತದೆ. ಬಂದ ಮೇಲೆ ಅಳುಕುವುದಿಲ್ಲ ಎಂಬುದನ್ನು ಮೆಚ್ಚಲೇಬೇಕು. ಮೊಡವೆ, ಮುಟ್ಟು, ಕಾಂಡೋಮ್, ಕಾಪರ್-ಟಿ, ಏಡ್ಸ್, ಹೆಣ್ಣುಭ್ರೂಣ ಹತ್ಯೆ ಎಲ್ಲವನ್ನೂ ನೇರವಾಗಿಯೇ ಹೇಳುತ್ತದೆ.

ನನಗೆ ತುಂಬ ಹಿಡಿಸಿದ್ದು ಒಂದು ಸಣ್ಣ ಪ್ಯಾರಾ. ಇಷ್ಟವಿರಲಿ ಬಿಡಲಿ ಗೆಳೆಯರ ಒತ್ತಾಯ, ಮದುವೆಯಾಗು, ಮಕ್ಕಳನ್ನು ಹೆರು ಎಂಬ ಮನೆಯವರ ಒತ್ತಾಯ, ಹೆರಬೇಡ ಎಂಬ ಸರ್ಕಾರದ ಒತ್ತಾಯ; ಇವುಗಳ ನಡುವೆ ಆಯ್ಕೆ ಕಷ್ಟ ಎಂದು ಪುಸ್ತಕ ಒಪ್ಪಿಕೊಳ್ಳುತ್ತದೆ. ಹೆಣ್ಣಿನ ಬಾಳನ್ನೇ ನಾಲ್ಕು ಸಾಲಿನಲ್ಲಿ ಹೇಳಿದಂತಿದೆ. ಆದರೆ ಮಾತು ಅಲ್ಲಿಗೇ ನಿಂತು ರೋಗಗಳ ವಿಚಾರ ಶುರುವಾಗುತ್ತದೆ. 'ಬೇಡ' ಎನ್ನುವುದು ಹೇಗೆ, ಅವಳು ಬೇಡವೆಂದಾಗ ಹುಡುಗ ಏನು ಮಾಡಬೇಕು, ಪರಿಚಯದವರೇ ಮೈಮುಟ್ಟಿದರೆ ಯಾರಿಗೆ ಹೇಳಬೇಕು? ಪಾಠ ಇವುಗಳ ಗೋಜಿಗೇ ಹೋಗುವುದಿಲ್ಲ. 2012ರ ಪೋಕ್ಸೋ ಕಾಯಿದೆ 18 ತುಂಬದ ಪ್ರತಿ ಮಗುವಿಗೂ ರಕ್ಷಣೆ ಕೊಟ್ಟಿದೆ, ನಿಜ. ಆದರೆ ದೂರು ಹೇಳಲು ಮಗುವಿಗೆ ಮೊದಲು ಪದ ಬೇಕಲ್ಲ!

ಏಡ್ಸ್ ತಡೆಯ ಜೊತೆಗೆ ಇಂಥ ಮಾತುಗಳಿಗೂ ಜಾಗ ಕೊಟ್ಟಿದ್ದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆದವು. ಚಿತ್ರಗಳು ಅತಿಯಾದವು, ನಮ್ಮ ಸಂಸ್ಕೃತಿಗೆ ಇದು ಒಗ್ಗದು ಎಂಬ ಆಕ್ಷೇಪ. ಚಿತ್ರಗಳನ್ನು ತಿದ್ದಬಹುದಿತ್ತು. ಇನ್ನು ಸಂಸ್ಕೃತಿಯ ಮಾತು. ಹುಡುಗಿ ಮೈನೆರೆದರೆ ಬೀದಿಯವರನ್ನೆಲ್ಲ ಕರೆದು ಆರತಿ ಎತ್ತಿ, ಚಿಗಳಿ ತಿನ್ನಿಸಿ, ಒಸಗೆಯ ಹಾಡು ಹೇಳುತ್ತಿದ್ದವರು ನಾವೇ ಅಲ್ಲವೆ? ಊರಿಗೆಲ್ಲ ಸುದ್ದಿ ಹಂಚಿದೆವು, ಅವಳಿಗೆ ಮಾತ್ರ ಆದದ್ದೇನೆಂದು ಬಿಡಿಸಿ ಹೇಳಲಿಲ್ಲ. ಆಗಲೂ ಪಾಠ ಅರ್ಧವೇ, ಈಗಲೂ ಅರ್ಧವೇ.

ಉಳಿದರ್ಧ ಸದ್ಯಕ್ಕೆ ನಮ್ಮ ಅಡುಗೆಮನೆಗಳ ಪಾಲಿಗೆ ಬಂದಿದೆ. ಆದರೂ ಶಾಲೆಯನ್ನು ಬಿಟ್ಟುಕೊಡಬಾರದು. ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ವಿಚಾರ ಮುಗಿದ ಮೇಲೆ, ಆ ಪ್ಯಾರಾವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದಿರಾ ಎಂದು ಒಮ್ಮೆ ಕೇಳಿ. ನೀವು ಮಗನ ತಾಯಿಯಾಗಿದ್ದರೆ ಎರಡು ಸಲ ಕೇಳಿ.